ನೀರು ಹೊತ್ತವನ ಕೈಗೆ ವಿಶ್ವಕಪ್

ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದವರು ಯಾರು ಎಂದು ಕೇಳಿದರೆ ನಾಲ್ಕು ಜನ ನೆನಪಿಟ್ಟು ಹೇಳಿಯಾರು. ತುಪ್ಪ ಹಿಡಿದು ಬಂದವರ ಕೈ ಎಷ್ಟು ಉದಾರ ಎಂಬುದೂ ಚರ್ಚೆಗೆ ಬರುತ್ತದೆ. ನೀರು ಬಡಿಸಿದವರು ಯಾರು? ಅದು ಯಾರಿಗೂ ಗೊತ್ತಿರುವುದಿಲ್ಲ. ಆತ ಬಾರದೆ ಹೋದಾಗ, ಅನ್ನ ಗಂಟಲಲ್ಲಿ ಸಿಕ್ಕಿಕೊಂಡಾಗ, ‘ನೀರು, ನೀರು’ ಎಂದು ಇಡೀ ಪಂಕ್ತಿಯೇ ಕೂಗುತ್ತದೆ.

ಫುಟ್‌ಬಾಲಿನಲ್ಲೂ ಇಂಥ ಒಬ್ಬನಿರುತ್ತಾನೆ. ಫ್ರೆಂಚರು ಅವನನ್ನು ಕರೆಯುವುದೇ ‘ನೀರು ಹೊರುವವನು’ ಎಂದು. ಈ ಮಾತು ಹುಟ್ಟಿದ್ದು ಸೈಕಲ್ ಪಂದ್ಯಗಳಲ್ಲಿ. ಟೂರ್ ದ ಫ್ರಾನ್ಸ್‌ನಂಥ ವಾರಗಟ್ಟಲೆ ನಡೆಯುವ ಸ್ಪರ್ಧೆಯಲ್ಲಿ ತಂಡಕ್ಕೊಬ್ಬ ನಾಯಕ. ಉಳಿದವರಲ್ಲಿ ಕೆಲವರು ಹಿಂದೆ ಬಿದ್ದು, ತಂಡದ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು, ಮತ್ತೆ ಜೋರಾಗಿ ಪೆಡಲು ತುಳಿದು ಮುಂದೆ ಬಂದು ಅವನಿಗೆ ಮುಟ್ಟಿಸಬೇಕು. ಗೆದ್ದರೆ ಹೂಗುಚ್ಛ ನಾಯಕನಿಗೆ.

1996ರಲ್ಲಿ ಎರಿಕ್ ಕ್ಯಾಂಟನಾ ಎಂಬ ಪ್ರತಿಭಾವಂತ, ತನ್ನದೇ ದೇಶದ ತಂಡದಲ್ಲಿ ಆಡುತ್ತಿದ್ದ ದಿದಿಯೆ ದೆಶಾಂ ಎಂಬುವರನ್ನು ಈ ಹೆಸರಿಟ್ಟು ಹಂಗಿಸಿದರು. ನೀರು ಹೊರುವುದಕ್ಕಿಂತ ಹೆಚ್ಚಿನದು ಇವರಿಂದ ಆಗದು, ಇಂಥವರು ಬೀದಿಗೊಬ್ಬರು ಸಿಗುತ್ತಾರೆ ಎಂಬುದು ಅವರ ಮಾತಿನ ತಾತ್ಪರ್ಯ. ಎರಡು ವರ್ಷ ಕಳೆಯಿತು. ಫ್ರಾನ್ಸ್ ಮೊದಲ ಬಾರಿ ವಿಶ್ವಕಪ್ ಗೆದ್ದಾಗ ಅದನ್ನು ಎತ್ತಿ ಹಿಡಿದ ನಾಯಕ ಇದೇ ದೆಶಾಂ. ಮತ್ತೆ 20 ವರ್ಷ ಕಳೆದು 2018ರಲ್ಲಿ ಫ್ರಾನ್ಸ್ ಎರಡನೆಯ ಸಲ ಗೆದ್ದಾಗ ತಂಡದ ಮ್ಯಾನೇಜರ್ ಕೂಡ ಇದೇ ದೆಶಾಂ.

ನಾನು ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವುದು ಸಂಬಳದ ಪಟ್ಟಿಯಲ್ಲಿಲ್ಲದ ನನ್ನ ಕೆಲಸ. ಆ ಕೆಲಸದಲ್ಲಿ ನನಗೆ ಕಷ್ಟವೆನಿಸಿದ್ದು ಆಟ ಕಲಿಸುವುದಲ್ಲ, ಜಾಗ ಹಂಚುವುದು. ಹನ್ನೊಂದು ಮಕ್ಕಳಲ್ಲಿ ಹತ್ತು ಮಂದಿಗೆ ಮುಂದೆ ನಿಂತು ಗೋಲು ಹೊಡೆಯಬೇಕು. ಹನ್ನೊಂದನೆಯವನೂ ಗೋಲ್‌ಕೀಪರ್ ಆಗಲು ಒಪ್ಪುವುದು ಗ್ಲೌಸ್ ಸಿಗುತ್ತದೆಂಬ ಆಸೆಗೆ.

ಒಂದು ಸಂಜೆ ಒಬ್ಬ ಹುಡುಗನ ತಾಯಿ ಮೈದಾನಕ್ಕೇ ಬಂದರು. "ಸಾರ್, ಮೂರು ವರ್ಷದಿಂದ ಆಡ್ತಿದಾನೆ. ಒಂದು ಗೋಲಾದ್ರೂ ಹೊಡೆದಿದಾನಾ? ಪೇಪರ್‌ನಲ್ಲಿ ತಾಲ್ಲೂಕು ಮ್ಯಾಚಿನ ಸುದ್ದಿ ಬಂದಾಗ್ಲೂ ಇವನ ಹೆಸರಿರಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಆ ಹೊತ್ತಲ್ಲಿ ಟ್ಯೂಷನ್‌ಗಾದ್ರೂ ಹೋಗ್ಲಿ ಬಿಡಿ" ಎಂದರು.

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಒಂದು ಗಂಟೆಯ ಆಟಕ್ಕೆ ಪ್ರತಿಯಾಗಿ ಮನೆಗೆ ಬರುವುದೇನು ಎಂದು ಯಾವ ತಾಯಿಯಾದರೂ ಕೇಳಲೇಬೇಕು. "ನೋಡಿ ತಾಯಿ, ಅವನು ಗೋಲು ಹೊಡೆಯೋದಿಲ್ಲ. ಬೇರೆಯವರು ಹೊಡೆಯೋ ಹಾಗೆ ಮಾಡ್ತಾನೆ" ಎಂದೆ. ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಆಗ ನಾನು ಹೇಳಿದ್ದು ದೆಶಾಂ ಕಥೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಎಲ್ಲ ಶಾಲೆಗಳಲ್ಲೂ ಇಂಥ ಹುಡುಗರಿದ್ದಾರೆ, ಹುಡುಗಿಯರೂ ಇದ್ದಾರೆ.

ದೆಶಾಂ ಹುಟ್ಟಿದ್ದು 1968ರ ಅಕ್ಟೋಬರ್ 15ರಂದು, ಫ್ರಾನ್ಸಿನ ನೈರುತ್ಯ ಮೂಲೆಯ ಬಯೋನ್ ಪಟ್ಟಣದಲ್ಲಿ. ಸ್ಪೇನಿನ ಗಡಿಗೆ ಹತ್ತಿರದ ಬಾಸ್ಕ್ ಸೀಮೆ ಅದು. ಅಲ್ಲಿ ರಗ್ಬಿ ಆಟದ್ದೇ ದೊಡ್ಡಸ್ತಿಕೆ. ಊರಿನ ಕ್ಲಬ್ಬಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಹುಡುಗನನ್ನು 1983ರಲ್ಲಿ ನಾಂಟ್ ನಗರದ ಕ್ಲಬ್ ತನ್ನ ತರಬೇತಿ ಕೇಂದ್ರಕ್ಕೆ ಸೇರಿಸಿಕೊಂಡಿತು. ಮನೆಯಿಂದ ನೂರಾರು ಕಿಲೋಮೀಟರ್ ದೂರ, ವಯಸ್ಸು 14. ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು, ಬಸ್ಸು ಹತ್ತಿ ಹಿಂತಿರುಗುವ ನಮ್ಮ ತಂದೆ ತಾಯಿಗಳಿಗೆ ಆ ಸಂಕಟವನ್ನು ಹೇಳಿಕೊಡಬೇಕಾಗಿಲ್ಲ.

ಅದೇ ತರಬೇತಿ ಕೇಂದ್ರದಲ್ಲಿ ಮಾರ್ಸೆಲ್ ದೆಸಾಯಿ ಎಂಬ, ಆಫ್ರಿಕದ ಘಾನಾ ದೇಶದಲ್ಲಿ ಹುಟ್ಟಿದ ಹುಡುಗನಿದ್ದ. ಇಬ್ಬರೂ ಗೆಳೆಯರಾದರು. ನಾಂಟ್ ತಂಡದಲ್ಲೇ ಆಡುತ್ತಿದ್ದ ದೆಸಾಯಿಯ ಮಲ ಅಣ್ಣ 1984ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. 1987ರ ಡಿಸೆಂಬರಿನಲ್ಲಿ ಬೋರ್ಡೊ ನಗರದ ಬಳಿ ಒಂದು ವಿಮಾನ ಬಿತ್ತು. ಅದರಲ್ಲಿ ದೆಶಾಂ ಅವರ ಅಣ್ಣ ಫಿಲಿಪ್ ಇದ್ದರು. ತಮ್ಮನಿಗೆ ಆಗ 19 ವರ್ಷ. ಅಣ್ಣಂದಿರನ್ನು ಕಳೆದುಕೊಂಡ ಈ ಇಬ್ಬರು ಗೆಳೆಯರು 1998ರ ವಿಶ್ವಕಪ್ ಫೈನಲ್ಲಿನಲ್ಲಿ ಒಂದೇ ತಂಡದಲ್ಲಿದ್ದರು. ಕಪ್ ಹಿಡಿದ ಚಿತ್ರದಲ್ಲಿ ಕಾಣದ ಸಂಗತಿ ಇದು.

ದೆಶಾಂ ಆಡುತ್ತಿದ್ದ ಜಾಗ ಯಾವುದೆಂದು ಹೇಳಬೇಕು. ಮೈದಾನದ ನಡುವೆ, ತಮ್ಮ ರಕ್ಷಣಾ ಸಾಲಿನ ಎದುರಿಗೆ ನಿಲ್ಲುವ ಡಿಫೆನ್ಸಿವ್ ಮಿಡ್‌ಫೀಲ್ಡರ್. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದು, ಹತ್ತಿರದ ಒಳ್ಳೆಯ ಆಟಗಾರನಿಗೆ ತಡಮಾಡದೆ ಕೊಡುವುದು, ಯಾರೋ ಬಿಟ್ಟುಹೋದ ಜಾಗಕ್ಕೆ ಓಡಿ ನಿಲ್ಲುವುದು, ದಾರಿ ತಪ್ಪಿದವರನ್ನು ಕೂಗಿ ಸರಿಪಡಿಸುವುದು. ಕೆಲಸ ಇಷ್ಟೆ. ಚಪ್ಪಾಳೆ ಇಲ್ಲ. ಫ್ರಾನ್ಸ್ ಪರವಾಗಿ ಅವರು ಆಡಿದ ಪಂದ್ಯಗಳು 103. ಹೊಡೆದ ಗೋಲುಗಳು 4. ಈ ಲೆಕ್ಕ ಹೇಳಿದಾಗ ಆ ತಾಯಿ ಮೊದಲ ಸಲ ನಕ್ಕರು. "ನಮ್ಮವನಿಗೆ ಇನ್ನೂ ಟೈಮಿದೆ ಅನ್ನಿ" ಎಂದರು.

ಆ 103 ಪಂದ್ಯಗಳ ದಾರಿ ನೇರವಾಗಿರಲಿಲ್ಲ. 1993ರ ಮೇ ತಿಂಗಳಲ್ಲಿ, 24ನೆಯ ವಯಸ್ಸಿಗೆ, ಮಾರ್ಸೇ ಕ್ಲಬ್ಬಿನ ನಾಯಕನಾಗಿ ಅವರು ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದರು. ಯಾವ ಫ್ರೆಂಚ್ ಕ್ಲಬ್ಬೂ ಅದುವರೆಗೆ ಮುಟ್ಟದ ಎತ್ತರ ಅದು. ಆ ಸಂತೋಷ ಆರುವ ಮೊದಲೇ ಕ್ಲಬ್ಬಿನ ಕಡೆಯವರು ಫ್ರೆಂಚ್ ಲೀಗಿನ ಒಂದು ಪಂದ್ಯಕ್ಕಾಗಿ ಎದುರಾಳಿ ಆಟಗಾರರಿಗೆ ಲಂಚ ಕೊಟ್ಟದ್ದು ಬಯಲಾಯಿತು. ಆ ವರ್ಷದ ಲೀಗ್ ಪ್ರಶಸ್ತಿಯನ್ನು ಕಿತ್ತುಕೊಂಡರು. ಮುಂದೆ ತಂಡವನ್ನು ಎರಡನೆಯ ದರ್ಜೆಗೂ ತಳ್ಳಿದರು.

ಅದೇ ವರ್ಷದ ನವೆಂಬರ್ 17ರಂದು ಪ್ಯಾರಿಸಿನಲ್ಲಿ ಬಲ್ಗೇರಿಯದ ಎದುರು ಪಂದ್ಯ. ಡ್ರಾ ಆದರೂ ಸಾಕು, ಫ್ರಾನ್ಸ್ 1994ರ ವಿಶ್ವಕಪ್ಪಿಗೆ ಹೋಗುತ್ತಿತ್ತು. ಕೊನೆಯ ನಿಮಿಷದಲ್ಲಿ ಬಲ್ಗೇರಿಯದ ಕೋಸ್ತದಿನೋವ್ ಗೋಲು ಹೊಡೆದು ಬಾಗಿಲು ಮುಚ್ಚಿದ. ಆ ದಿನ ಮೈದಾನದಲ್ಲಿ ಕ್ಯಾಂಟನಾ ಇದ್ದರು, ದೆಶಾಂ ಕೂಡ ಇದ್ದರು. ಒಂದೇ ಸೋಲನ್ನು ಇಬ್ಬರೂ ಉಂಡವರು.

ಆಮೇಲೆ ಬಂದ ತರಬೇತುದಾರ ಎಮೆ ಜಾಕೆ ತಂಡವನ್ನು ಹೊಸದಾಗಿ ಕಟ್ಟಿದರು. ಅದರಲ್ಲಿ ಕ್ಯಾಂಟನಾಗೆ ಜಾಗ ಉಳಿಯಲಿಲ್ಲ. ಕಲಾವಿದನ ಪಾತ್ರ ಜಿನೆದಿನ್ ಜಿದಾನ್ ಎಂಬ ಯುವಕನಿಗೆ ಹೋಯಿತು, ನಾಯಕನ ತೋಳಪಟ್ಟಿ ದೆಶಾಂಗೆ ಬಂತು. ಇಟಲಿಯ ಯುವೆಂಟಸ್ ಕ್ಲಬ್ಬಿನಲ್ಲೂ ಇವರಿಬ್ಬರು ಜೊತೆಗೇ ಆಡಿದರು. ಜಿದಾನ್ ಚೆಂಡಿನೊಡನೆ ಸಾಹಸಕ್ಕೆ ಇಳಿದಾಗ, ಅದು ಕೈಕೊಟ್ಟರೆ ಹಿಂದೆ ಯಾರಿದ್ದಾರೆ ಎಂಬ ಚಿಂತೆ ಇರುತ್ತಿರಲಿಲ್ಲ. ದೆಶಾಂ ಇರುತ್ತಿದ್ದರು.

1998ರ ಜುಲೈ 12ರ ಫೈನಲ್ ಶುರುವಾದಾಗ ನಮ್ಮಲ್ಲಿ ಮಧ್ಯರಾತ್ರಿ 12.30. ಬ್ರೆಜಿಲ್ ಗೆಲ್ಲುತ್ತದೆಂದು ಪಣ ಕಟ್ಟಿದ್ದ ಗೆಳೆಯರ ನಡುವೆ ಕುಳಿತು ನೋಡಿದ್ದೆ. ಜಿದಾನ್ ತಲೆಯಿಂದ ಎರಡು ಗೋಲು ಹೊಡೆದರು, ಕೊನೆಯಲ್ಲಿ ಪೆತಿ ಒಂದು ಸೇರಿಸಿದರು. 3-0. ಮಾರನೆಯ ದಿನ ಎಲ್ಲರ ಬಾಯಲ್ಲೂ ಜಿದಾನ್. ರೊನಾಲ್ಡೊ, ರಿವಾಲ್ಡೊರಂಥವರಿಗೆ ನಡುಮೈದಾನದಲ್ಲಿ ಉಸಿರಾಡಲು ಬಿಡದೆ ಕಾದವರ ಮಾತು ಬರಲಿಲ್ಲ. ದ್ವಿತೀಯಾರ್ಧದಲ್ಲಿ ದೆಸಾಯಿ ಕೆಂಪು ಕಾರ್ಡ್ ಪಡೆದು ಹೊರಹೋದ ಮೇಲೆ ಹತ್ತೇ ಜನರ ತಂಡ ಚದುರದೆ ಉಳಿದದ್ದು ಹೇಗೆಂದು ಯಾರೂ ಕೇಳಲಿಲ್ಲ. ಎರಡು ವರ್ಷಗಳ ನಂತರ, 2000ದಲ್ಲಿ, ಇದೇ ನಾಯಕ ಯುರೋ ಕಪ್ಪನ್ನೂ ಗೆದ್ದರು.

ಇಲ್ಲಿಗೆ ಒಬ್ಬ ಆಟಗಾರನ ಕಥೆ ಮುಗಿಯಬೇಕು. 2001ರಲ್ಲಿ, 32ನೆಯ ವಯಸ್ಸಿಗೆ, ದೆಶಾಂ ಆಟ ಬಿಟ್ಟರು. ಅದೇ ವರ್ಷ ಮೊನಾಕೊ ಕ್ಲಬ್ಬಿನ ತರಬೇತುದಾರರಾದರು. ಮೊದಲ ವರ್ಷ ತಂಡ ಪಟ್ಟಿಯ ಕೆಳಭಾಗದಲ್ಲಿ ಒದ್ದಾಡಿತು. ವಿಶ್ವಕಪ್ ಎತ್ತಿದ ಕೈಯಾದರೇನು, ಹೊಸ ಕೆಲಸದಲ್ಲಿ ಅದು ಹೊಸಬನ ಕೈಯೇ. 2004ರ ಹೊತ್ತಿಗೆ ಅವರು ಆ ತಂಡವನ್ನು ಚಾಂಪಿಯನ್ಸ್ ಲೀಗ್ ಫೈನಲ್ಲಿಗೆ ಒಯ್ದರು. ದಾರಿಯಲ್ಲಿ ರಿಯಲ್ ಮ್ಯಾಡ್ರಿಡ್ ಸೋತಿತು. ಅದಕ್ಕೆ ನೆರವಾದವರು ಆ ಮ್ಯಾಡ್ರಿಡ್ ಕ್ಲಬ್ಬೇ ಎರವಲು ಕೊಟ್ಟಿದ್ದ ಮೊರಿಯೆಂಟೆಸ್. ಫೈನಲ್ಲಿನಲ್ಲಿ ಪೋರ್ಟೊ ಎದುರು 0-3ರ ಸೋಲು.

2006ರಲ್ಲಿ ಅವರು ಒಪ್ಪಿಕೊಂಡ ಕೆಲಸ ನನಗೆ ಅವರ ಎಲ್ಲ ಕಪ್‌ಗಳಿಗಿಂತ ಹೆಚ್ಚು ಇಷ್ಟ. ಇಟಲಿಯಲ್ಲಿ ರೆಫರಿಗಳ ನೇಮಕದ ಮೇಲೆ ಪ್ರಭಾವ ಬೀರಿದ ಹಗರಣದಲ್ಲಿ ಯುವೆಂಟಸ್ ಕ್ಲಬ್ಬನ್ನು ಎರಡನೆಯ ದರ್ಜೆಗೆ ಇಳಿಸಿದ್ದರು. ದಂಡವಾಗಿ ಅಂಕಗಳನ್ನೂ ಕಳೆದಿದ್ದರು. ಮೇಲ್ಮನವಿಗಳ ನಂತರ ಉಳಿದ ಕಡಿತ 9 ಅಂಕ. ಎಂದರೆ ಎಲ್ಲರೂ ಸೊನ್ನೆಯಿಂದ ಹೊರಟರೆ ಇವರು ಸೊನ್ನೆಗಿಂತ ಕೆಳಗಿನಿಂದ. ಹಲವು ತಾರೆಗಳು ಬೇರೆ ಕ್ಲಬ್ಬುಗಳಿಗೆ ಹೋದರು. ಬುಫೋನ್, ದೆಲ್ ಪಿಯೆರೊರಂಥ ಕೆಲವರು ಉಳಿದರು. ತಮ್ಮ ಹಳೆಯ ಕ್ಲಬ್ಬಿನ ಈ ಗತಿ ನೋಡಿಯೂ ದೆಶಾಂ ಹೋಗಿ ಸಣ್ಣ ಊರುಗಳ ಸಣ್ಣ ಮೈದಾನಗಳಲ್ಲಿ ತಂಡ ಆಡಿಸಿದರು. ಆ ಸಾಲಿನಲ್ಲಿ ಯುವೆಂಟಸ್ ಎರಡನೆಯ ದರ್ಜೆಯನ್ನು ಗೆದ್ದು ಮೇಲೆ ಬಂತು. ಆಡಳಿತದೊಡನೆ ಹೊಂದಿಕೆಯಾಗದೆ ಅವರು ಋತು ಮುಗಿಯುವ ಮೊದಲೇ ಹೊರಬಂದರು. ನೀರು ತಂದವರೇ ಪಂಕ್ತಿಯಲ್ಲಿ ಕೂರುತ್ತಾರೆಂಬ ನಿಯಮವೇನೂ ಇಲ್ಲವಲ್ಲ. 2010ರಲ್ಲಿ ತಮ್ಮ ಹಳೆಯ ಮಾರ್ಸೇ ತಂಡಕ್ಕೆ 18 ವರ್ಷಗಳ ನಂತರ ಫ್ರೆಂಚ್ ಲೀಗ್ ಗೆದ್ದುಕೊಟ್ಟರು.

ಫ್ರಾನ್ಸ್ ತಂಡ ಅವರ ಕೈಗೆ ಬಂದದ್ದು 2012ರ ಜುಲೈನಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ದಕ್ಷಿಣ ಆಫ್ರಿಕದ ವಿಶ್ವಕಪ್ಪಿನಲ್ಲಿ, ಕೋಚ್ ಜೊತೆ ಜಗಳವಾಡಿದ ಆಟಗಾರನೊಬ್ಬನನ್ನು ಮನೆಗೆ ಕಳುಹಿಸಿದ್ದಕ್ಕೆ ಇಡೀ ತಂಡ ಅಭ್ಯಾಸ ಬಹಿಷ್ಕರಿಸಿ ಬಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಇಡೀ ದೇಶ ನಾಚಿಕೊಂಡಿತ್ತು. ಪ್ರತಿಭೆಗೆ ಅಲ್ಲಿ ಯಾವ ಕಾಲಕ್ಕೂ ಬರವಿರಲಿಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಓಡುವ ಮನಸ್ಸಿಗೆ ಬರವಿತ್ತು.

2016ರಲ್ಲಿ ತಮ್ಮ ದೇಶದಲ್ಲೇ ನಡೆದ ಯುರೋ ಫೈನಲ್ಲಿನಲ್ಲಿ, ಹೆಚ್ಚುವರಿ ವೇಳೆಯಲ್ಲಿ, ಪೋರ್ಚುಗಲ್ ಎದುರು 0-1ರಿಂದ ಸೋತರು. 2018ರಲ್ಲಿ ರಷ್ಯದಲ್ಲಿ ಗೆದ್ದರು. ಆ ತಂಡವನ್ನು ಸ್ವಲ್ಪ ಗಮನಿಸಿ. ಎಲ್ಲರೂ ನೋಡಿದ್ದು 19 ವರ್ಷದ ಕಿಲಿಯನ್ ಎಂಬಾಪೆಯ ಓಟ. ಮುಂದಿನ ಸಾಲಿನಲ್ಲಿ ನಿಂತ ಒಲಿವಿಯೆ ಜಿರು ಇಡೀ ವಿಶ್ವಕಪ್ಪಿನಲ್ಲಿ ಗೋಲಿನ ಚೌಕಟ್ಟಿನೊಳಗೆ ಒಂದು ಹೊಡೆತವನ್ನೂ ಹಾಕಲಿಲ್ಲ. ಗೋಲು ಹೊಡೆಯುವ ಜಾಗದಲ್ಲಿದ್ದೂ ಗೋಲಿಲ್ಲ! ಬೇರೆ ಯಾರಾದರೂ ಆಗಿದ್ದರೆ ಎರಡನೆಯ ಪಂದ್ಯಕ್ಕೇ ಬೆಂಚಿಗೆ ಕಳಿಸುತ್ತಿದ್ದರೇನೋ. ಎದುರಾಳಿ ರಕ್ಷಕರನ್ನು ತನ್ನತ್ತ ಸೆಳೆದು, ಮೈಗೆ ಮೈ ಕೊಟ್ಟು ನಿಂತು, ಎಂಬಾಪೆಗೂ ಗ್ರೀಜ್‌ಮನ್‌ಗೂ ಜಾಗ ಬಿಡಿಸಿಕೊಟ್ಟವರು ಜಿರು. ನಡುವೆ ದೆಶಾಂ ನಿಲ್ಲುತ್ತಿದ್ದ ಜಾಗದಲ್ಲೇ ಎನ್‌ಗೊಲೊ ಕಾಂಟೆ ಎಂಬ ಕುಳ್ಳಗಿನ, ನಾಚಿಕೆಯ ಆಟಗಾರ ದಣಿವಿಲ್ಲದೆ ಚೆಂಡು ಕಿತ್ತುಕೊಡುತ್ತಿದ್ದರು. ನೀರು ಹೊತ್ತು ಗೊತ್ತಿದ್ದವರಿಗೆ ನೀರು ಹೊರುವವರ ಬೆಲೆ ಗೊತ್ತಿತ್ತು. ಮಾಸ್ಕೋದ ಫೈನಲ್ಲಿನಲ್ಲಿ ಕ್ರೊಯೇಷಿಯ ಎದುರು 4-2.

ಆಟಗಾರನಾಗಿಯೂ ತರಬೇತುದಾರನಾಗಿಯೂ ವಿಶ್ವಕಪ್ ಗೆದ್ದವರಲ್ಲಿ ದೆಶಾಂ ಮೂರನೆಯವರು. ಮೊದಲನೆಯವರು ಬ್ರೆಜಿಲಿನ ಮಾರಿಯೊ ಜಗಾಲೊ. ಆಡಿ ಗೆದ್ದದ್ದು 1958 ಮತ್ತು 1962ರಲ್ಲಿ, ಆಡಿಸಿ ಗೆದ್ದದ್ದು 1970ರಲ್ಲಿ. ಎರಡನೆಯವರು ಜರ್ಮನಿಯ ಫ್ರಾನ್ಜ್ ಬೆಕನ್‌ಬೌರ್. ನಾಯಕನಾಗಿ 1974, ತರಬೇತುದಾರನಾಗಿ 1990. ಈ ಇಬ್ಬರು ಹಿರಿಯರೂ 2024ರ ಜನವರಿಯಲ್ಲಿ ಎರಡು ದಿನಗಳ ಅಂತರದಲ್ಲಿ ತೀರಿಕೊಂಡರು.

ಒಳ್ಳೆಯ ಆಟಗಾರರೆಲ್ಲ ಒಳ್ಳೆಯ ಮ್ಯಾನೇಜರ್ ಆಗುತ್ತಾರೆಯೇ? ಇಲ್ಲ. ಮರಡೋನಾರಂಥ ಮಾಂತ್ರಿಕ ತರಬೇತುದಾರನಾಗಿದ್ದ ಅರ್ಜೆಂಟೀನ 2010ರಲ್ಲಿ ಜರ್ಮನಿಗೆ 0-4ರಿಂದ ಸೋತು ಮನೆಗೆ ಮರಳಿತು. ತಾನು ಕಾಲಿನಿಂದ ಸಹಜವಾಗಿ ಮಾಡಿದ್ದನ್ನು ಬಾಯಿಂದ ಇನ್ನೊಬ್ಬರಿಗೆ ಹೇಳುವುದು ಬೇರೆಯದೇ ವಿದ್ಯೆ. ಹಾಗೆಂದು ತಾರೆಗಳಿಂದ ಅದು ಆಗದೆಂದೂ ಹೇಳಲಾಗದು. ಜಿದಾನ್ ಮ್ಯಾನೇಜರ್ ಆಗಿ ಮೂರು ಚಾಂಪಿಯನ್ಸ್ ಲೀಗ್ ಗೆದ್ದವರು. ಆದರೂ ಆಂಚೆಲೋಟಿ, ಗ್ವಾರ್ಡಿಯೊಲಾ, ದೆಲ್ ಬೋಸ್ಕೆಯಂಥ ಹೆಸರಾಂತ ಮ್ಯಾನೇಜರುಗಳು ದೆಶಾಂ ಹಾಗೆಯೇ ನಡುಮೈದಾನದಲ್ಲಿ ಆಡಿದವರು. ಅಲ್ಲಿ ನಿಂತವನಿಗೆ ಮುಂದೆಯೂ ಕಾಣಬೇಕು, ಹಿಂದೆಯೂ ಕಾಣಬೇಕು. ಯಾರು ದಣಿದಿದ್ದಾರೆ, ಯಾರು ಮುನಿಸಿಕೊಂಡಿದ್ದಾರೆ, ಯಾರಿಗೆ ಈಗ ಚೆಂಡು ಕೊಡಬಾರದು ಎಂಬುದು ಅವನಿಗೆ ತಿಳಿದಿರಬೇಕು. ಆಡುತ್ತಿರುವಾಗಲೇ ಅವನು ಅರ್ಧ ಮ್ಯಾನೇಜರ್.

ಅವರನ್ನು ಟೀಕಿಸುವವರೂ ಬಹಳ ಮಂದಿ. ಇಷ್ಟೊಂದು ಪ್ರತಿಭೆ ಇಟ್ಟುಕೊಂಡು ಇಷ್ಟು ಸಪ್ಪೆ ಆಟವೇ ಎಂದು ಫ್ರಾನ್ಸಿನಲ್ಲೇ ಗೊಣಗುತ್ತಾರೆ. ಗೊಣಗಾಟಕ್ಕೆ ಆಧಾರವಿಲ್ಲದಿಲ್ಲ. 2024ರ ಯುರೋದಲ್ಲಿ ಸೆಮಿಫೈನಲ್ ತಲುಪುವವರೆಗೆ ಅವರ ತಂಡದ ಲೆಕ್ಕಕ್ಕೆ ಬಂದದ್ದು ಎದುರಾಳಿಗಳೇ ತಮ್ಮ ಬಲೆಗೆ ಹೊಡೆದುಕೊಂಡ ಎರಡು ಗೋಲು ಮತ್ತು ಒಂದು ಪೆನಾಲ್ಟಿ. 2021ರಲ್ಲಿ ಸ್ವಿಜರ್ಲೆಂಡ್ ಎದುರು 3-1ರಿಂದ ಮುಂದಿದ್ದೂ ಪೆನಾಲ್ಟಿಗಳಲ್ಲಿ ಸೋತರು. ಎಚ್ಚರಿಕೆಯ ಆಟಕ್ಕೂ ತನ್ನದೇ ಬೆಲೆ ಇದೆ.

2022ರ ಡಿಸೆಂಬರ್ 18ರ ಫೈನಲ್ ನಿಮಗೂ ನೆನಪಿರಬಹುದು. ಅರ್ಜೆಂಟೀನ ಎದುರು 0-2ರಿಂದ ಹಿಂದಿದ್ದಾಗ, ವಿರಾಮಕ್ಕೂ ಮೊದಲೇ, 41ನೆಯ ನಿಮಿಷದಲ್ಲಿ ದೆಶಾಂ ಇಬ್ಬರನ್ನು ಹೊರಗೆ ಕರೆದರು. ಅವರಲ್ಲಿ ಒಬ್ಬರು ಅದೇ ಜಿರು. ನೆಚ್ಚಿನ ಆಟಗಾರನನ್ನು ಕೋಟ್ಯಂತರ ಜನರ ಕಣ್ಣೆದುರಿಗೆ ಕರೆದು ಕೂರಿಸುವುದು ಸುಲಭವಲ್ಲ. ತಂಡ ಎದ್ದು ನಿಂತಿತು. 3-3ರ ತನಕ ಬಂದು ಪೆನಾಲ್ಟಿಗಳಲ್ಲಿ ಸೋತಿತು. 2026ರ ವಿಶ್ವಕಪ್ಪಿನ ನಂತರ ಹುದ್ದೆ ಬಿಡುವುದಾಗಿ ಅವರು 2025ರ ಜನವರಿಯಲ್ಲಿ ತಾವಾಗಿಯೇ ತಿಳಿಸಿದರು.

ಆ ತಾಯಿಗೆ ನಾನು ಯಾವ ಭರವಸೆಯನ್ನೂ ಕೊಡಲಿಲ್ಲ. ನಿಮ್ಮ ಮಗ ದೊಡ್ಡ ಆಟಗಾರನಾಗುತ್ತಾನೆ ಎಂದು ಹೇಳುವ ಮೇಷ್ಟ್ರನ್ನು ನಂಬಬಾರದು. ನಾಂಟ್‌ನಂಥ ತರಬೇತಿ ಕೇಂದ್ರಗಳಿಂದಲೂ ಬಹಳಷ್ಟು ಹುಡುಗರು ಚೀಲ ಹೊತ್ತು ಮನೆಗೆ ಮರಳುತ್ತಾರೆ. ಕೊನೆಗೆ ಆದ ಒಪ್ಪಂದ ಇಷ್ಟು: ವಾರದಲ್ಲಿ ನಾಲ್ಕು ದಿನ ಟ್ಯೂಷನ್, ಎರಡು ದಿನ ಮೈದಾನ. ಅವನು ಬಾರದ ನಾಲ್ಕು ದಿನ ನಮ್ಮ ಗೋಲು ಹೊಡೆಯುವ ಹುಡುಗ ಎಲ್ಲರ ಮೇಲೂ ರೇಗುತ್ತಿದ್ದ. ಚೆಂಡೇ ಬರುತ್ತಿಲ್ಲ ಸಾರ್ ಎಂದು ನನ್ನ ಬಳಿ ದೂರುತ್ತಿದ್ದ. ಚೆಂಡು ಇಷ್ಟು ದಿನ ಯಾರಿಂದ ಬರುತ್ತಿತ್ತೆಂದು ಅವನಿಗೆ ಗೊತ್ತಾದದ್ದು ಆಗಲೇ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮಗೆ ಸಿಕ್ಕ ಜಾಗ ಮುಂದಿನ ಸಾಲಿನದಲ್ಲದಿದ್ದರೆ ಬೇಸರಪಡಬೇಡಿ. ಆ ಜಾಗದಿಂದ ಏನೇನು ಕಾಣುತ್ತದೆಂದು ನೋಡಿ. ಮುಂದೆ ನಿಂತವರಿಗೆ ಕಾಣದ್ದು ಅಲ್ಲಿಂದ ಕಾಣುತ್ತದೆ.

ತಂದೆ ತಾಯಿಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ಮಕ್ಕಳ ಆಟ ನೋಡಲು ಬಂದಾಗ ಹತ್ತು ನಿಮಿಷ ಚೆಂಡನ್ನು ನೋಡಬೇಡಿ, ನಿಮ್ಮ ಮಗುವನ್ನೇ ನೋಡಿ. ಚೆಂಡು ದೂರದಲ್ಲಿದ್ದಾಗ ಅದು ಎಲ್ಲಿ ಓಡುತ್ತದೆ? ಜೊತೆಯವನು ಎಡವಿದರೆ ಅವನ ಜಾಗಕ್ಕೆ ಹೋಗಿ ನಿಲ್ಲುತ್ತದೆಯೇ? ಬಿದ್ದವನಿಗೆ ಕೈ ಕೊಡುತ್ತದೆಯೇ? ಮನೆಗೆ ಬಂದ ಮೇಲೆ ‘ಎಷ್ಟು ಗೋಲು?’ ಎಂದು ಕೇಳುವ ಮೊದಲು ಆ ಸಂಗತಿ ಹೇಳಿ. ಯಾರೂ ನೋಡಲಿಲ್ಲವೆಂದುಕೊಂಡ ಕೆಲಸವನ್ನು ಅಪ್ಪ ಅಮ್ಮ ನೋಡಿದ್ದರೆಂದು ಗೊತ್ತಾದರೆ, ಮಾರನೆಯ ಸಂಜೆ ಅದು ಇನ್ನೂ ಸ್ವಲ್ಪ ಜೋರಾಗಿ ಓಡುತ್ತದೆ.